ಮೂರನೆಯ ಪೆಡಲು

ಕೈಗೆ ಬಂದ ಹಳೆಯ ವಸ್ತುವನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕೇ, ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದೇ ಎಂಬುದು ಹಳೆಯ ಪ್ರಶ್ನೆ. ಮನೆ, ಮಸೀದಿ, ಬಸದಿ, ಒಡವೆ, ಹಸ್ತಪ್ರತಿ ಎಲ್ಲದರ ವಿಷಯದಲ್ಲೂ ಅದು ಏಳುತ್ತದೆ. ಈಚೆಗೆ ಮಂಗಳೂರಿನಲ್ಲಿ ನಾವು ಈ ಪ್ರಶ್ನೆಯನ್ನು ಒಂದು ಕಾರಿನ ನೆಪದಲ್ಲಿ ಕೇಳಿದೆವು. ಆಟೋಮ್ಯಾಟಿಕ್ ಗೇರಿನ ಹಳೆಯ ಕಾರೊಂದಕ್ಕೆ ಮ್ಯಾನ್ಯುವಲ್ ಗೇರು ಕೂರಿಸುವ ವಿಚಾರ ಅದು. ಗ್ಯಾರೇಜಿನ ಮಾತೆಂದು ಓದುಗರು ಪುಟ ತಿರುವಬಾರದು. ಗ್ಯಾರೇಜಿನ ಎಣ್ಣೆ ಮೆತ್ತಿದ ನೆಲದ ಮೇಲೆ ಎದ್ದ ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಂತೆ ಆಸ್ತಿ, ನೆನಪು, ಹೆಣ್ಣುಮಕ್ಕಳ ಒಪ್ಪಿಗೆ, ಅಂಗವಿಕಲರ ಘನತೆ ಎಲ್ಲವೂ ಎದುರು ನಿಂತವು.

ಕಾಲ ಹರಿಯುತ್ತಿರುವುದು ಇದರ ವಿರುದ್ಧ ದಿಕ್ಕಿನಲ್ಲಿ. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಕ್ಲಚ್ ಪೆಡಲಿಲ್ಲದ ಕಾರು ಮಧ್ಯಮ ವರ್ಗದ ಕೈಗೂ ಎಟುಕಿತು. ಹಂಪನಕಟ್ಟೆಯ ಸಿಗ್ನಲಿನಲ್ಲಿ, ಬಿಜೈ, ಕದ್ರಿಯ ಏರುಗಳಲ್ಲಿ ಅರ್ಧ ಕ್ಲಚ್ ಹಿಡಿದು ಎಡಗಾಲು ಸೋತವರು ಸಂತೋಷದಿಂದ ಅತ್ತ ಹೋದರು. ಹೀಗೆ ಎಲ್ಲರೂ ಎರಡು ಪೆಡಲಿನತ್ತ ಹೋಗುತ್ತಿರುವಾಗ, ಹಳೆಯ ಕಾರಿನ ಪ್ರೇಮಿಗಳಲ್ಲಿ ಕೆಲವರು ಎರಡಿದ್ದುದನ್ನು ಮೂರು ಮಾಡಲು ಹೊರಟಿದ್ದಾರೆ.

ಇದು ಸಣ್ಣ ಕೆಲಸವಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ ಎಣ್ಣೆ ತುಂಬಿದ ಒಂದು ಗುಂಡು ಡಬ್ಬಿ ಇರುತ್ತದೆ. ಅದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಒಳಗೆ ಎದುರುಬದುರಾಗಿ ಎರಡು ಚಕ್ರದ ರೆಕ್ಕೆಗಳು. ಎಂಜಿನ್ ಒಂದನ್ನು ತಿರುಗಿಸಿದರೆ ಅದು ಎಸೆದ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಹಳೆಯ ಕಾರುಗಳಲ್ಲಿ ಇವೆರಡರ ನಡುವೆ ಲೋಹಕ್ಕೆ ಲೋಹ ತಾಗುವ ಸಂಬಂಧವಿಲ್ಲ. ಆದ್ದರಿಂದಲೇ ಕಾರು ಜರ್ಕಿಲ್ಲದೆ ಹೊರಡುತ್ತದೆ. ಆದ್ದರಿಂದಲೇ ಒಂದಿಷ್ಟು ಶಕ್ತಿ ಎಣ್ಣೆಯನ್ನು ಬಿಸಿ ಮಾಡುವುದರಲ್ಲಿ ಕಳೆದುಹೋಗುತ್ತದೆ, ಬ್ಯಾಟರಿ ಸತ್ತಾಗ ನಾಲ್ಕು ಜನ ಸೇರಿ ತಳ್ಳಿದರೂ ಸಾಮಾನ್ಯವಾಗಿ ಎಂಜಿನ್ ಎಚ್ಚರಗೊಳ್ಳುವುದಿಲ್ಲ.

ಇದನ್ನು ಮ್ಯಾನ್ಯುವಲ್ ಮಾಡುವುದೆಂದರೆ ಡಬ್ಬಿಯನ್ನೂ ಪೆಟ್ಟಿಗೆಯನ್ನೂ ಇಳಿಸಿ, ಎಂಜಿನ್ ಹಿಂದಿನ ತೆಳು ತಟ್ಟೆಯ ಜಾಗಕ್ಕೆ ಭಾರದ ಫ್ಲೈವೀಲ್ ಕೂರಿಸಬೇಕು. ಕ್ರ್ಯಾಂಕ್ ಶಾಫ್ಟಿನ ತುದಿಗೆ ಪುಟ್ಟದೊಂದು ಬೇರಿಂಗ್ ಹಾಕಬೇಕು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಅವನ್ನು ಒತ್ತುವ ಸಿಲಿಂಡರು ಬೇಕು. ಹೊಸ ಪೆಟ್ಟಿಗೆಯ ಉದ್ದ ಬೇರೆಯಾದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಕತ್ತರಿಸಬೇಕು ಇಲ್ಲವೇ ಉದ್ದ ಮಾಡಬೇಕು. ಸ್ಪೀಡೋಮೀಟರಿನ ತಂತಿ, ರಿವರ್ಸ್ ದೀಪದ ಸ್ವಿಚ್ಚು, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚು ಎಲ್ಲವನ್ನೂ ಹೊಂದಿಸಬೇಕು. ಕೊನೆಯಲ್ಲಿ ಅಗಲವಾದ ಬ್ರೇಕ್ ಪೆಡಲನ್ನು ಕಿರಿದು ಮಾಡಿ, ಅದರ ಎಡಕ್ಕೆ ಮೂರನೆಯ ಪೆಡಲೊಂದನ್ನು ತೂಗುಹಾಕಬೇಕು. ಹೊರಗಿನಿಂದ ನೋಡಿದವರಿಗೆ ಕಾರು ಹಾಗೆಯೇ ಇದೆ. ಕುಳಿತವರಿಗೆ ಮಾತ್ರ ಅದು ಬೇರೆ ಕಾರು.

ಬದಲಾವಣೆ ಎಂದೊಡನೆ ಹುಬ್ಬೇರಿಸುವ ಅಭ್ಯಾಸ ನಮ್ಮ ಕರಾವಳಿಯದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಜಿಲ್ಲೆಯ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಆಮೇಲೆ ಅಂಬಾಸಿಡರ್ ಕಾರುಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದು ಮನೆಮಾತಾಯಿತು. ಹಳ್ಳಿ ಹಳ್ಳಿಗೆ ಜನರನ್ನು ತುಂಬಿಕೊಂಡು ಓಡಿದ ಸರ್ವಿಸ್ ಕಾರುಗಳ ಲೆಕ್ಕಾಚಾರ ನಿಂತದ್ದು ಡೀಸೆಲಿನ ಮೇಲೆ. ಸ್ಟೇರಿಂಗಿನ ಪಕ್ಕದಲ್ಲಿದ್ದ ಗೇರಿನ ಹಿಡಿಯನ್ನು ನೆಲಕ್ಕೆ ಇಳಿಸಿದವರೂ ಇದ್ದರು. ರಾಯಭಾರ ಕಚೇರಿಗಳಿಂದ ಹರಾಜಾಗಿ ಬಂದ ಷೆವ್ರೊಲೆ ಇಂಪಾಲಾದಂಥ ದೊಡ್ಡ ಅಮೆರಿಕನ್ ಕಾರುಗಳ ಆಟೋಮ್ಯಾಟಿಕ್ ಪೆಟ್ಟಿಗೆ ಕೆಟ್ಟಾಗ, ಆಮದಿನ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ, ಕೈಗೆ ಸಿಕ್ಕ ಮ್ಯಾನ್ಯುವಲ್ ಪೆಟ್ಟಿಗೆಯನ್ನು ಕೂರಿಸಿ ಓಡಿಸಿದ ಮೇಸ್ತ್ರಿಗಳು ಈ ದೇಶದಲ್ಲಿ ಇದ್ದರು. ಅವರನ್ನು ಯಾರೂ ಅಪಚಾರ ಮಾಡಿದವರೆಂದು ಕರೆಯಲಿಲ್ಲ. ನಿಂತ ವಾಹನವನ್ನು ಓಡಿಸಿದವರು ಎಂದೇ ಕರೆದರು. ಹೊಟ್ಟೆಪಾಡಿನ ಬದಲಾವಣೆಗೆ ನೀತಿಶಾಸ್ತ್ರ ಬಹಳ ಪ್ರಶ್ನೆ ಕೇಳುವುದಿಲ್ಲ. ಪ್ರಶ್ನೆ ಗಟ್ಟಿಯಾಗುವುದು ಹೊಟ್ಟೆ ತುಂಬಿದ ಮೇಲೆ.

ನಮಗೆ ಪರಿಚಿತವಾದ ಒಂದು ಮನೆಯ ಪ್ರಸಂಗ ಹೀಗಿದೆ. ಮನೆಯ ಹಿರಿಯರು ಬಂದರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಬಾಲ್ಯದಲ್ಲಿ ಪೋಲಿಯೊ ತಗಲಿ ಎಡಗಾಲು ಸೊರಗಿತ್ತು. ವ್ಯಾಪಾರ ಕೈಹಿಡಿದ ಮೇಲೆ ಅವರು ಮುಂಬಯಿಯಿಂದ ಹಳೆಯ ಮರ್ಸಿಡಿಸ್ 240 ಡಿ ಕಾರೊಂದನ್ನು ತರಿಸಿದರು. 1976ರಿಂದ ಹತ್ತು ವರ್ಷ ಜರ್ಮನಿಯಲ್ಲಿ ತಯಾರಾಗಿ, ಮೊರಾಕ್ಕೊದ ಟ್ಯಾಕ್ಸಿಯವರವರೆಗೆ ಎಲ್ಲರ ವಿಶ್ವಾಸ ಗಳಿಸಿದ, ಸುಮಾರು 27 ಲಕ್ಷದಷ್ಟು ಮಾರಾಟವಾದ ಸಾಲಿನ ಕಾರು ಅದು. ಊರು ಅದನ್ನು ದೊಡ್ಡಸ್ತಿಕೆ ಎಂದುಕೊಂಡಿತು. ಅವರು ಆ ಕಾರನ್ನೇ ಆರಿಸಿದ್ದಕ್ಕೆ ಕಾರಣ ಅದರ ಮೂತಿಯ ಮೇಲಿನ ನಕ್ಷತ್ರವಲ್ಲ. ಅದಕ್ಕೆ ಕ್ಲಚ್ ಇರಲಿಲ್ಲ. ಜೀವನದಲ್ಲಿ ಮೊದಲ ಬಾರಿ ಅವರು ಇನ್ನೊಬ್ಬರ ಭುಜ ಹಿಡಿಯದೆ, ಡ್ರೈವರನಿಗಾಗಿ ಕಾಯದೆ, ತಾವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಉಳ್ಳಾಲದ ದರ್ಗಾಕ್ಕೆ ಹೋಗಿ ಬಂದರು.

ಅವರು ತೀರಿಹೋದ ಮೇಲೆ ಕಾರು ಶೆಡ್ಡಿನಲ್ಲಿ ನಿಂತಿತು. ಈಗ ಗೇರು ಬದಲಾಗುವಾಗ ಹೊಡೆತ ಕೊಡುತ್ತಿದೆ, ಏರಿನಲ್ಲಿ ಜಾರುತ್ತಿದೆ. ಗಂಡುಮಕ್ಕಳಿಬ್ಬರಲ್ಲಿ ಹಿರಿಯವನು ಮ್ಯಾನ್ಯುವಲ್ ಮಾಡಿಸೋಣ ಎನ್ನುತ್ತಾನೆ. ಪೆಟ್ಟಿಗೆ ಬಿಚ್ಚಬಲ್ಲವರು ಇಲ್ಲಿ ಕಡಿಮೆ, ಬಿಡಿಭಾಗ ಹೊರಗಿನಿಂದ ಬರಬೇಕು, ಜೊತೆಗೆ ಮ್ಯಾನ್ಯುವಲಿನಲ್ಲಿ ಓಡಿಸುವ ಸುಖವೇ ಬೇರೆ ಎಂಬುದು ಅವನ ವಾದ. ಕಿರಿಯವನಿಗೆ ಎರಡೂ ಸರಿಯೇ, ಕಾರು ಓಡಬೇಕು. ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು ಫೋನಿನಲ್ಲಿ ಒಂದೇ ಮಾತು ಕೇಳಿದಳಂತೆ: "ಆಮೇಲೆ ಅದು ಉಪ್ಪನಿಗೆ ಓಡಿಸಲಿಕ್ಕೆ ಆಗದ ಕಾರು ಆಗುವುದಿಲ್ಲವಾ?"

ತೀರಿಹೋದವರು ಬಂದು ಕಾರು ಓಡಿಸುವುದಿಲ್ಲ ಎಂದು ಅಣ್ಣಂದಿರು ನಕ್ಕರು. ನಮಗೆ ನಗು ಬರಲಿಲ್ಲ.

ಮೂಡುಬಿದಿರೆಯಂಥ ಜೈನಕಾಶಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ನಮಗೆ ಇಲ್ಲಿ ಆಚಾರ್ಯ ಸಮಂತಭದ್ರರು ನೆನಪಾಗಬೇಕು. 'ಆಪ್ತಮೀಮಾಂಸೆ'ಯಲ್ಲಿ ಅವರೊಂದು ದೃಷ್ಟಾಂತ ಕೊಡುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರು. ಕೊಡ ಬೇಕಾಗಿದ್ದವನು ದುಃಖಪಟ್ಟ. ಕಿರೀಟ ಬೇಕಾಗಿದ್ದವನು ಹಿಗ್ಗಿದ. ಚಿನ್ನವಷ್ಟೇ ಬೇಕಾಗಿದ್ದವನಿಗೆ ದುಃಖವೂ ಇಲ್ಲ, ಹಿಗ್ಗೂ ಇಲ್ಲ. ಒಂದೇ ಘಟನೆ, ಹುಟ್ಟು, ಅಳಿವು, ಉಳಿವು ಮೂರೂ ಅದರಲ್ಲಿ ಒಟ್ಟಿಗೆ ನಡೆದಿವೆ. ಆ ಮನೆಯ ಮೂವರು ಮಕ್ಕಳನ್ನು ಈ ಮೂವರ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಯಾರೂ ಸುಳ್ಳು ಹೇಳುತ್ತಿಲ್ಲ ಎಂದು ತಿಳಿಯುತ್ತದೆ. ರಥವೆಂದರೆ ಗಾಲಿಯೇ, ಅಚ್ಚೇ, ನೊಗವೇ ಎಂದು ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದಾಗ ತತ್ವಶಾಸ್ತ್ರ ಒಂದು ದಾರಿ ಹಿಡಿಯಿತು. ಆದರೆ ಭಾಗ ಬದಲಾದರೆ ಕಾರು ಅದೇ ಕಾರೇ ಎಂಬ ಆ ಪ್ರಶ್ನೆ ಇಲ್ಲಿ ನಮ್ಮನ್ನು ಬಹಳ ದೂರ ಕರೆದೊಯ್ಯುವುದಿಲ್ಲ. ಟಯರು, ಬ್ಯಾಟರಿ, ಕನ್ನಡಿ ಎಷ್ಟೋ ಸಲ ಬದಲಾಗಿವೆ. ಮಗಳು ಆಗ ಫೋನು ಮಾಡಿರಲಿಲ್ಲ. ಅವಳ ಪ್ರಶ್ನೆ ಭಾಗದ್ದಲ್ಲ. ಅದು ಯಾರಿಗಾಗಿ ಎಂಬ ಪ್ರಶ್ನೆ.

ಮೂಲರೂಪವೇ ಪವಿತ್ರ ಎನ್ನುವವರದೊಂದು ಪಕ್ಷವಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿದವರಿಗೆ ಈ ಪಕ್ಷದ ಬಲ ಗೊತ್ತಾಗುತ್ತದೆ. ಒಂದು ಕಾಲದ ಬುದ್ಧಿ ಹೇಗೆ ಕೆಲಸ ಮಾಡಿತ್ತೆಂದು ತಿಳಿಯಲು ಆ ಕಾಲದ ವಸ್ತು ತಿದ್ದದೆ ಉಳಿದಿರಬೇಕು. ಸರಕಾರವೂ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಚಾಸಿ, ಮೈಗೂಡು, ಎಂಜಿನ್ ಮಾರ್ಪಾಡಾಗದೆ ಮೂಲರೂಪದಲ್ಲಿರಬೇಕು ಎಂದು ಅದು ಹೇಳುತ್ತದೆ. ಕುತೂಹಲದ ಸಂಗತಿಯೆಂದರೆ, ಹೆಸರಿಸಿದ ಆ ಮೂರರಲ್ಲಿ ಗೇರುಪೆಟ್ಟಿಗೆ ಇಲ್ಲ. ಕಾನೂನು ಮುಖ ಮತ್ತು ಹೃದಯವನ್ನು ನೋಡಿತು, ಕಾಲನ್ನು ನೋಡಲಿಲ್ಲ.

ಆದರೆ ಮೂಲರೂಪ ಎಂಬುದು ನಾವು ಅಂದುಕೊಂಡಷ್ಟು ಸರಳವೂ ಅಲ್ಲ. ಕಾಬಾ ಭವನದ ಚರಿತ್ರೆಯನ್ನೇ ನೋಡಿ. ಕುರೈಶರು ಅದನ್ನು ಪುನಃ ಕಟ್ಟಿದಾಗ ಶುದ್ಧ ಸಂಪಾದನೆಯ ಹಣ ಸಾಲದೆ ಒಂದು ಭಾಗವನ್ನು ಹೊರಗೆ ಬಿಟ್ಟರು. ಪ್ರವಾದಿ ಮುಹಮ್ಮದ್(ಸ)ರಿಗೆ ಅದನ್ನು ಇಬ್ರಾಹೀಮ್(ಅ)ರ ಅಡಿಪಾಯದ ಮೇಲೆ ಕಟ್ಟುವ ಆಸೆಯಿತ್ತು. ಜನ ಇನ್ನೂ ಹೊಸಬರು, ಅವರ ಮನಸ್ಸು ಕಲಕೀತು ಎಂದು ಹಝ್ರತ್ ಆಯಿಶಾ(ರ)ರಿಗೆ ಹೇಳಿ ಸುಮ್ಮನಾದರು. ಮುಂದೆ ಅಬ್ದುಲ್ಲಾ ಇಬ್ನ್ ಝುಬೈರ್ ಆ ಆಸೆಯಂತೆ ಕಟ್ಟಿದರು. ಹಜ್ಜಾಜ್ ಅದನ್ನು ಕೆಡವಿ ಹಿಂದಿನಂತೆಯೇ ಮಾಡಿಸಿದ. ಅಬ್ಬಾಸಿ ಖಲೀಫರೊಬ್ಬರು ಮತ್ತೊಮ್ಮೆ ಕಟ್ಟಲು ಹೊರಟಾಗ ಇಮಾಮ್ ಮಾಲಿಕ್ ತಡೆದರು; ಇದು ದೊರೆಗಳ ಆಟದ ವಸ್ತುವಾಗುತ್ತದೆ ಎಂಬುದು ಅವರ ಭಯವಾಗಿತ್ತು. ಇಮಾಮರು ಆಗ ರಕ್ಷಿಸಿದ್ದು ಮೂಲರೂಪವನ್ನಲ್ಲ ಎಂಬುದನ್ನು ಗಮನಿಸಬೇಕು. ಮೂಲದಿಂದ ಬದಲಾದ ರೂಪವನ್ನೇ ಅವರು ಉಳಿಸಿದರು. ಅವರಿಗೆ ಮುಖ್ಯವಾದದ್ದು ಕಟ್ಟುವವನ ಮನಸ್ಸು ಮತ್ತು ಅದನ್ನು ನಂಬಿದವರ ಮನಸ್ಸು. ನಮ್ಮ ಬಂದರಿನ ಝೀನತ್ ಬಕ್ಷ್ ಮಸೀದಿಯೂ ಅಷ್ಟೆ. ಮಾಲಿಕ್ ದೀನಾರರ ಕಾಲದ್ದೆಂದು ಪ್ರತೀತಿ, ಟಿಪ್ಪು ಸುಲ್ತಾನ್ ನವೀಕರಿಸಿ ಮಗಳ ಹೆಸರಿಟ್ಟನೆಂದು ಪ್ರತೀತಿ. ಇಂದು ನಮಾಝಿಗೆ ನಿಂತವನು ಯಾವ ಕಾಲದ ಮರದ ಕೆಳಗೆ ನಿಂತಿದ್ದೇನೆ ಎಂದು ಕೇಳುವುದಿಲ್ಲ.

ಹಾಗಾದರೆ ಬದಲಾವಣೆ ತಪ್ಪಲ್ಲ. ಅಳತೆಗೋಲು ಬೇರೆಡೆ ಇದೆ.

ಆಟೋಮ್ಯಾಟಿಕ್ ಗೇರು ಹೇಗೆ ಬಂತೆಂದು ಕೇಳಿದರೆ ಸೋಮಾರಿಗಳಿಗಾಗಿ ಎನ್ನುವವರು ಇದ್ದಾರೆ. ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ 1940ರ ಮಾದರಿಯೊಂದಿಗೆ ಹೈಡ್ರಾಮ್ಯಾಟಿಕ್ ಎಂಬ ಪೆಟ್ಟಿಗೆ ಬಂದಾಗ ಅದನ್ನು ಸುಖದ ವಸ್ತುವಾಗಿಯೇ ಮಾರಿದರು. ಆದರೆ ಯುದ್ಧ ಮುಗಿದು ಕೈಕಾಲು ಕಳೆದುಕೊಂಡ ಸೈನಿಕರು ಊರಿಗೆ ಮರಳಿದಾಗ ಅದೇ ಪೆಟ್ಟಿಗೆಯ ಅರ್ಥ ಬದಲಾಯಿತು. 1946ರಲ್ಲಿ ಅಲ್ಲಿನ ಸರಕಾರ ಅಂಥವರ ಕಾರಿಗೆಂದು 1600 ಡಾಲರ್ ಕೊಡುವ ಕಾನೂನು ಮಾಡಿತು. ಒಂದೇ ಕಾಲಿನ ಮನುಷ್ಯ ಯಾರ ಹಂಗೂ ಇಲ್ಲದೆ ಕೆಲಸಕ್ಕೆ ಹೋಗಬಹುದಾಯಿತು. ನಮ್ಮ ದೇಶದ ಕಾನೂನಿನಲ್ಲೂ ಈ ವಿವೇಕದ ಗುರುತಿದೆ. ಮೋಟಾರು ವಾಹನ ಕಾಯಿದೆಯ 52ನೇ ವಿಧಿ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದರೆ ಅದೇ ವಿಧಿಯಲ್ಲಿ ಅಂಗವಿಕಲರಿಗಾಗಿ ವಾಹನವನ್ನು ಮಾರ್ಪಡಿಸಲು ಅನುಮತಿಯ ಬಾಗಿಲಿದೆ. 2019ರ ತಿದ್ದುಪಡಿ 'ಅಶಕ್ತರ ಗಾಡಿ' ಎಂಬರ್ಥದ ಹಳೆಯ ಹೆಸರನ್ನೂ ತೆಗೆದು 'ಹೊಂದಿಸಿದ ವಾಹನ' ಎಂಬ ಅರ್ಥದ ಮರ್ಯಾದೆಯ ಹೆಸರು ಕೊಟ್ಟಿತು. ಮನುಷ್ಯನ ದೇಹವನ್ನು ಯಂತ್ರಕ್ಕೆ ಬಗ್ಗಿಸುವ ಬದಲು ಯಂತ್ರವನ್ನು ಮನುಷ್ಯನಿಗೆ ಬಗ್ಗಿಸುವುದು ನ್ಯಾಯ ಎಂದು ಕಾನೂನು ಒಪ್ಪಿತು.

ಇದರ ಅರ್ಥ ಮೂರನೆಯ ಪೆಡಲು ಅನ್ಯಾಯವೆಂದಲ್ಲ. ಹಿರಿಯ ಮಗನ ಸುಖವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ತಿರುವನ್ನು ಕಂಡೇ ಎರಡನೇ ಗೇರಿಗೆ ಇಳಿಸುವವನ ಕೈ, ಕಾಲು, ಕಿವಿ ಒಟ್ಟಿಗೆ ಕೆಲಸ ಮಾಡುತ್ತವೆ. ಎಂಜಿನಿನ ದನಿ ಕೇಳಿ ನಿರ್ಧರಿಸುವುದು ಒಂದು ವಿದ್ಯೆ. ನೂಲು ತೆಗೆಯುವವನಿಗೆ, ಬಲೆ ನೇಯುವವನಿಗೆ ಇರುವ ಮರ್ಯಾದೆ ಅದಕ್ಕೂ ಸಲ್ಲಬೇಕು. ಯಂತ್ರಗಳು ನಮ್ಮ ಪರವಾಗಿ ಎಲ್ಲವನ್ನೂ ತೀರ್ಮಾನಿಸುತ್ತಿರುವ ಈ ಕಾಲದಲ್ಲಿ ಒಂದಿಷ್ಟು ತೀರ್ಮಾನವನ್ನು ತನ್ನ ಕೈಯಲ್ಲಿಟ್ಟುಕೊಳ್ಳಲು ಬಯಸುವವನನ್ನು ಹಳೆಗಾಲದವನೆಂದು ಹಾಸ್ಯ ಮಾಡಬಾರದು.

ಆದರೆ ಈ ಸುಖದ ಬೆನ್ನಿಗೆ ಒಂದು ತಾತ್ಸಾರ ಅಂಟಿಕೊಂಡು ಬರುತ್ತದೆ. ಆಟೋಮ್ಯಾಟಿಕ್ ಹೆಂಗಸರಿಗೆ, ಮುದುಕರಿಗೆ, ಕುಂಟರಿಗೆ. ಗಂಡಸಾದವನು ಗೇರು ಹಾಕಬೇಕು ಎಂಬ ಮಾತು ಎಷ್ಟು ಬಾಯಿಗಳಲ್ಲಿ ಕೇಳಿಲ್ಲ! ಆ ಮಾತನ್ನು ಆಡುವವನು ಕಾರನ್ನು ಮಾತ್ರ ಬದಲಾಯಿಸುತ್ತಿಲ್ಲ. ಆ ಕಾರಿನಿಂದ ಬದುಕು ತೆರೆದುಕೊಂಡವರನ್ನು ಕೀಳು ಮಾಡುತ್ತಿದ್ದಾನೆ. ತಂದೆಯ ಸೊರಗಿದ ಕಾಲಿನ ಗುರುತನ್ನು ಮನೆಯಿಂದ ಅಳಿಸಿ ಹಾಕುವ ಆಸೆ ತನ್ನೊಳಗೆ ಎಲ್ಲಾದರೂ ಅಡಗಿದೆಯೇ ಎಂದು ಮಗ ತನ್ನನ್ನೇ ಕೇಳಿಕೊಳ್ಳಬೇಕು. ಉತ್ತರ ಇಲ್ಲವೆಂದಾದರೆ ಅವನು ನಿರಾಳವಾಗಿ ಮುಂದಿನ ಹೆಜ್ಜೆ ಇಡಬಹುದು. ನಿಯ್ಯತ್ತಿನ ವಿಚಾರಣೆ ಬೇರೆಯವರು ಮಾಡುವಂಥದ್ದಲ್ಲ.

ಮುಂದಿನ ಹೆಜ್ಜೆಗೆ ಮೂರು ಷರತ್ತುಗಳಿವೆ ಎಂದು ನಮ್ಮ ಅಭಿಪ್ರಾಯ.

ಮೊದಲನೆಯದು ಒಪ್ಪಿಗೆ. ತಂದೆ ಬಿಟ್ಟುಹೋದ ಕಾರು ಪಾಲಾಗುವವರೆಗೆ ವಾರಸುದಾರರೆಲ್ಲರ ಜಂಟಿ ಆಸ್ತಿ. ತಾಯಿಗೆ ಎಂಟನೇ ಒಂದು, ಉಳಿದುದರಲ್ಲಿ ಗಂಡುಮಕ್ಕಳಿಗೆ ಎರಡೆರಡು ಪಾಲು, ಹೆಣ್ಣುಮಗಳಿಗೆ ಒಂದು. ಇಷ್ಟನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಆದರೆ ಜಂಟಿ ವಸ್ತುವಿನಲ್ಲಿ ಒಬ್ಬ ಪಾಲುದಾರ ಇನ್ನೊಬ್ಬರ ಅನುಮತಿಯಿಲ್ಲದೆ ಕೈಯಾಡಿಸಬಾರದೆಂದು ಫಿಕ್ಹ್ ಹೇಳುವುದನ್ನು ಎಷ್ಟು ಮನೆಗಳು ಪಾಲಿಸುತ್ತವೆ? ತಂಗಿಯ ಪಾಲು ಅಣ್ಣನದರ ಅರ್ಧವಿರಬಹುದು, ಆಕೆಯ ಒಪ್ಪಿಗೆ ಅರ್ಧವಲ್ಲ. ಮದುವೆ ಮಾಡಿ ಕಳುಹಿಸಿದ ಮೇಲೆ ತವರಿನ ತೋಟ, ಅಂಗಡಿ, ಮನೆಗಳ ಬಗ್ಗೆ ಹೆಣ್ಣುಮಕ್ಕಳ ಸಹಿಯನ್ನು ಶಾಸ್ತ್ರಕ್ಕೆ ಮಾತ್ರ ಕೇಳುವ ರೂಢಿ ನಮ್ಮಲ್ಲಿದೆ. ಕಾರಿನ ಬಗ್ಗೆ ಅದನ್ನೂ ಕೇಳುವುದಿಲ್ಲ. 'ಅವಳಿಗೆ ಗೇರುಪೆಟ್ಟಿಗೆಯ ವಿಷಯ ಏನು ಗೊತ್ತು' ಎಂಬುದು ಅಣ್ಣಂದಿರ ಉತ್ತರ. ಆ ಪೆಟ್ಟಿಗೆ ತಂದೆಯ ಬದುಕಿನಲ್ಲಿ ಏನಾಗಿತ್ತೆಂದು ಅವಳೊಬ್ಬಳಿಗೇ ನೆನಪಿತ್ತು ಎಂಬುದನ್ನು ಅವರು ಮರೆತರು.

ಎರಡನೆಯದು ಹಿಂದಿರುಗುವ ದಾರಿ. ಉರ್ದು ಕಾವ್ಯದಲ್ಲಿ 'ಇಸ್ಲಾಹ್' ಎಂಬ ಪದ್ಧತಿಯಿದೆ. ಶಿಷ್ಯ ಬರೆದ ಶೇರನ್ನು ಉಸ್ತಾದರು ತಿದ್ದಿಕೊಡುತ್ತಾರೆ. ಸುಧಾರಣೆ ಎಂಬ ಪದವೂ ಅದೇ, ರಿಪೇರಿ ಎಂಬ ಅರ್ಥವೂ ಅದರೊಳಗಿದೆ. ಒಳ್ಳೆಯ ಉಸ್ತಾದ್ ಒಂದು ಶಬ್ದ ಸರಿಸುತ್ತಾರೆ, ಶೇರು ಶಿಷ್ಯನದಾಗಿಯೇ ಉಳಿಯುತ್ತದೆ. ಕೆಟ್ಟ ಉಸ್ತಾದ್ ತಿದ್ದುವ ನೆಪದಲ್ಲಿ ತನ್ನದೇ ಶೇರು ಬರೆದು ಶಿಷ್ಯನ ಹೆಸರು ಹಾಕುತ್ತಾನೆ. ಕಾರಿನ ಮೇಸ್ತ್ರಿಗೂ ಈ ವಿವೇಕ ಬೇಕು. ಮೈಗೂಡನ್ನು ಕತ್ತರಿಸದೆ, ಬೋಲ್ಟು ಬಿಚ್ಚಿದರೆ ಹಿಂದಿನಂತಾಗುವ ಹಾಗೆ ಕೆಲಸ ಮಾಡಬಹುದು. ಇಳಿಸಿದ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಎಣ್ಣೆ ಬಳಿದು ಎತ್ತಿಡಬಹುದು. ಅದಕ್ಕೂ ಮೊದಲು, ರೋಗ ನಿಜವಾಗಿ ಪೆಟ್ಟಿಗೆಯದೇ ಎಂದು ನೋಡಬೇಕು. ಈ ಡೀಸೆಲ್ ಕಾರುಗಳಲ್ಲಿ ಗೇರು ಬದಲಾಗುವ ಹದವನ್ನು ನಿರ್ಧರಿಸುವುದರಲ್ಲಿ ನಿರ್ವಾತದ ಸಣ್ಣ ಕೊಳವೆಗಳಿಗೂ ಪಾತ್ರವಿದೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಸಾಕು, ಗೇರು ಹೊಡೆತ ಕೊಡತೊಡಗುತ್ತದೆ. ಕೊಳವೆಯ ತಪ್ಪಿಗೆ ಪೆಟ್ಟಿಗೆಗೆ ಮರಣದಂಡನೆ ಆಗಬಾರದು.

ಮೂರನೆಯದು ಸತ್ಯ. ಪೇಟೆಯಲ್ಲಿ ಧಾನ್ಯದ ರಾಶಿಗೆ ಪ್ರವಾದಿ(ಸ)ಯವರು ಕೈ ಹಾಕಿ ನೋಡಿದಾಗ ಒಳಗೆ ಒದ್ದೆ ಇತ್ತು. ಮಳೆಗೆ ನೆನೆದದ್ದನ್ನು ಅಡಿಗೆ ಸರಿಸಿ ಒಣಗಿದ್ದನ್ನು ಮೇಲಿಟ್ಟಿದ್ದ ವ್ಯಾಪಾರಿಗೆ ಅವರು ಹೇಳಿದ ಬುದ್ಧಿ ಎಲ್ಲರಿಗೂ ತಿಳಿದದ್ದೇ. ಪೆಟ್ಟಿಗೆ ಬದಲಾದ ಕಾರನ್ನು ನಾಳೆ ಮಾರುವಾಗ 'ಕಂಪೆನಿಯಿಂದ ಬಂದ ಹಾಗೆಯೇ ಇದೆ' ಎನ್ನುವುದು ಒದ್ದೆ ಧಾನ್ಯವೇ. ಬದಲಾವಣೆಯನ್ನು ಮುಚ್ಚಿಟ್ಟರೆ ಕೊಂಡವನಿಗೆ ಮೋಸ. ಮಕ್ಕಳಿಗೆ ಹೇಳದೆ ಬಿಟ್ಟರೆ ಅಜ್ಜನಿಗೆ ಮೋಸ. ಈ ಕಾರಿಗೆ ಒಂದು ಕಾಲದಲ್ಲಿ ಎರಡೇ ಪೆಡಲುಗಳಿದ್ದವು, ಏಕೆಂದರೆ ನಿಮ್ಮ ಅಜ್ಜನಿಗೆ ಒಂದೇ ಕಾಲಿನಲ್ಲಿ ಬಲವಿತ್ತು ಎಂದು ಹೇಳುವ ಮನೆಯಲ್ಲಿ ಮೂರನೆಯ ಪೆಡಲು ಇದ್ದರೂ ತಪ್ಪಿಲ್ಲ. ಹಾಗೆ ಹೇಳಲು ನಾಚುವ ಮನೆಯಲ್ಲಿ ಮೂಲ ಪೆಟ್ಟಿಗೆ ಇದ್ದರೂ ಏನೂ ಉಳಿದಿಲ್ಲ.

ಕಾರು, ಮನೆ, ಭಾಷೆ, ಆಚಾರ ಯಾವುದನ್ನೂ ನಾವು ಬರಿಗೈಯಲ್ಲಿ ಹುಟ್ಟಿಸಿಕೊಂಡಿಲ್ಲ. ಯಾರದೋ ಕೊರತೆಯನ್ನು ತುಂಬಲು ಯಾರೋ ಮಾಡಿದ್ದು ನಮ್ಮ ಕೈಗೆ ಬಂದಿದೆ. ನಮ್ಮ ಅನುಕೂಲಕ್ಕೆ ಅದನ್ನು ತಿದ್ದಿಕೊಳ್ಳುವ ಹಕ್ಕು ನಮಗಿದೆ; ಅವರ ಕೊರತೆಯನ್ನು ಅವಮಾನವೆಂದು ಅಳಿಸುವ ಹಕ್ಕಿಲ್ಲ. ಅಮಾನತ್ ಎಂಬ ಮಾತಿಗೆ ನಮಗೆ ತಿಳಿದ ಅರ್ಥ ಇಷ್ಟೆ.

ಆ ಮನೆಯ ಹಿರಿಯ ಮಗ ಮೊದಲು ಕೊಳವೆಗಳನ್ನು ಬದಲಾಯಿಸಿ ನೋಡಿದ್ದಾನೆ. ಹೊಡೆತ ಸ್ವಲ್ಪ ಕಡಿಮೆಯಾಗಿದೆ, ಏರಿನಲ್ಲಿ ಜಾರುವುದು ನಿಂತಿಲ್ಲ. ಪೆಟ್ಟಿಗೆ ಬಿಚ್ಚಿಸಬೇಕೋ, ಬದಲಾಯಿಸಬೇಕೋ ಎಂದು ತೀರ್ಮಾನವಾಗಿಲ್ಲ. ಈದ್‌ಗೆ ತಂಗಿ ಬರುತ್ತಾಳೆ, ಅವಳನ್ನು ಕೂರಿಸಿಕೊಂಡೇ ಮಾತಾಡುತ್ತೇವೆ ಎನ್ನುತ್ತಾನೆ. ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲಿ ಕಾಯುತ್ತದೆ. ಕಾಯಲಿ.